ಸ್ಕ್ರಿಪ್ಟಿನಲ್ಲಿ ಇಲ್ಲದ ಮಾತು

(ಕೊಪ್ಪಳದಲ್ಲಿ ಕಾಲೇಜು ಹುಡುಗ ಹುಡುಗಿಯರ ನಾಟಕ ಶಿಬಿರವೊಂದರಲ್ಲಿ ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರೆದದ್ದು.)

ನಿಮ್ಮ ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಹಾಸ್ಯ ಕಲಾವಿದ, ನಾಟಕಕಾರ’ ಅಂತ ಹಾಕಿದ್ದೀರಿ. ನಡುವೆ ಒಂದು ಅಲ್ಪವಿರಾಮ ಇದೆ. ಇವತ್ತು ಆ ಅಲ್ಪವಿರಾಮದ ಬಗ್ಗೆಯೇ ಮಾತಾಡೋಣ ಅಂತ ಬಂದಿದ್ದೇನೆ.

ನಲವತ್ತು ವರ್ಷದಲ್ಲಿ ನಾನು ಏನೇನೋ ಕೆಲಸ ಮಾಡಿದೆ. ಊರ ನಾಟಕದಲ್ಲಿ ಆಳಿನ ಪಾರ್ಟು. ಜಾತ್ರೆ ಕಂಪನಿಯಲ್ಲಿ ಕಾಮಿಕ್. ಸಾಕ್ಷರತಾ ಆಂದೋಲನದಲ್ಲಿ ಬೀದಿ ನಾಟಕ. ರೇಡಿಯೋಕ್ಕೆ ಸಣ್ಣ ನಾಟಕ. ಹಗಲು ಶಾಲೆಯಲ್ಲಿ ಮಾಸ್ತರಿಕೆ. ಆಮೇಲೆ ನಾಟಕ ಬರೆಯುವುದು. ಈಗ ಬೆಂಗಳೂರಿನ ಹುಡುಗರು ‘ಇಂಪ್ರಾವ್’ ಅಂತ ಕರೆಯುವ, ಸ್ಕ್ರಿಪ್ಟಿಲ್ಲದೆ ಹೊತ್ತಿಗೆ ಹೊಳೆದದ್ದನ್ನು ಆಡುವ ಆಟ, ಅದೂ ಇದೆ. ನೋಡುವವರಿಗೆ ಇದು ಏಳೆಂಟು ಕೆಲಸ. ನನಗೆ ಮಾತ್ರ ಇದೆಲ್ಲ ಒಂದೇ. ಎದುರಿಗಿದ್ದವರ ಮಾತು ಕಿವಿಗೆ ಹಾಕಿಕೊಳ್ಳುವುದು, ಆ ಹೊತ್ತಿಗೆ ಹುಟ್ಟಿದ ಉತ್ತರ ಕೊಡುವುದು. ಕಾಗದದ ಮೇಲೆ ಮಾಡಿದರೆ ನಾಟಕಕಾರ ಅನ್ನುತ್ತಾರೆ, ಅಟ್ಟದ ಮೇಲೆ, ಅಂದರೆ ರಂಗದ ಮೇಲೆ, ಮಾಡಿದರೆ ಹಾಸ್ಯಗಾರ ಅನ್ನುತ್ತಾರೆ.

ಇದು ನನಗೆ ಗೊತ್ತಾದದ್ದು ಸಿರುಗುಪ್ಪದ ಕಡೆಯ ಒಂದು ಹಳ್ಳಿಯಲ್ಲಿ. ಆಗ ನನಗೆ ಹತ್ತೊಂಬತ್ತು. ಭತ್ತದ ಕೊಯ್ಲು ಮುಗಿದು ಜಾತ್ರೆ ನಡೆದಿತ್ತು, ಮಾಘದ ಚಳಿ. ನಮ್ಮ ಕಡೆ ಹಳ್ಳಿ ನಾಟಕ ಹೇಗೆ ಆಗುತ್ತದೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಗಂಡು ಪಾರ್ಟಿನವರು ಊರವರೇ. ಎರಡು ಮೂರು ತಿಂಗಳು ರಾತ್ರಿ ತಾಲೀಮು. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರು ಊರಲ್ಲೇ ಉಂಡು ಮಲಗಿ ಕಲಿಸುತ್ತಾರೆ. ಹೆಣ್ಣು ಪಾರ್ಟಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರು ಬರುವುದು ನಾಟಕದ ದಿನ ಸಂಜೆ ಬಸ್ಸಿಗೆ.

ಅವತ್ತು ಆ ಬಸ್ಸು ಬರಲಿಲ್ಲ. ನಾಂದಿ ಪದ್ಯ ಮುಗಿಯಿತು, ಮೊದಲನೇ ಸೀನು ಮುಗಿಯಿತು. ಎರಡನೇ ಸೀನಿಗೆ ನಾಯಕಿ ಬರಬೇಕು. ಮಾಸ್ತರು ಸೈಡ್ ವಿಂಗಿನಲ್ಲಿ ನನ್ನ ಬೆನ್ನಿಗೆ ಕೈ ಇಟ್ಟು, ‘ಹೋಗು, ಆಕಿ ಬರೋ ತನಕ ಮಾತಾಡು’ ಅಂತ ದಬ್ಬಿದರು. ನನ್ನದು ಗೌಡರ ಮನೆ ಆಳಿನ ಪಾರ್ಟು. ಬಾಯಿಪಾಠ ಮಾಡಿದ್ದು ನಾಲ್ಕು ನಿಮಿಷಕ್ಕೆ ಮುಗಿಯಿತು. ಗೊತ್ತಿದ್ದ ಚುಟುಕು ಕಥೆ ಎಲ್ಲಾ ಹೇಳಿದೆ. ಜನ ಬೀಡಿ ಹಚ್ಚಿದರು. ಅಟ್ಟದ ಮೇಲೆ ನಿಂತವರಿಗೆ ಗೊತ್ತಿರುತ್ತದೆ, ಜನ ಬೈದರೂ ಪರವಾಗಿಲ್ಲ, ಬೀಡಿ ಹಚ್ಚಬಾರದು.

ಆಗ ಮುಂದೆ ಚಾಪೆ ಮೇಲೆ ಕೂತಿದ್ದ ಒಬ್ಬ ಮುದುಕಿ ಕೂಗಿದಳು. ‘ಏ ತಮ್ಮಾ, ನಿನ್ನ ಹೆಗಲ ಮ್ಯಾಲಿನ ಟವಲು ಈ ಕೂಸಿಗೆ ಕೊಡು. ಚಳಿಗೆ ನಡುಗಾಕ ಹತ್ತೈತಿ.’

ನಾನು ಅಟ್ಟದಿಂದ ಕೆಳಗೆ ಇಳಿದೆ. ಕೂಸಿಗೆ ಟವಲು ಹೊದಿಸಿದೆ. ‘ಇನ್ನೇನರ ಬೇಕೇನಬೇ?’ ಅಂದೆ.

‘ಈಗ ನೀ ಆಳುಮಗ ಆದಿ ನೋಡು’ ಅಂದಳು.

ಅಷ್ಟೇ. ಇಡೀ ಮೈದಾನ ನನ್ನನ್ನು ಆಳು ಮಾಡಿಕೊಂಡಿತು. ಒಬ್ಬ ನೀರು ತಾ ಅಂದ, ತಂದೆ. ಇನ್ನೊಬ್ಬ ಬೀಡಿಗೆ ಬೆಂಕಿ ಅಂದ, ಕೊಟ್ಟೆ. ಒಬ್ಬಾಕೆ ಚಪ್ಪಲಿ ಹುಡುಕು ಅಂದಳು. ಓಡಿ ಓಡಿ ಬೆವರಿದೆ. ಪ್ರತಿ ಕೆಲಸಕ್ಕೂ ಒಂದು ಮಾತು ಬಂತು, ಪ್ರತಿ ಮಾತಿಗೂ ಜನ ಎದುರು ಮಾತು ಕೊಟ್ಟರು. ಅಷ್ಟರಲ್ಲಿ ಹಿಂದೆ ಕತ್ತಲಿನಿಂದ ಒಂದು ದನಿ ಬಂತು. ‘ಲೇ ತಮ್ಮಾ, ಕೊಯ್ಲಿನ ಕೂಲಿ ಯಾವಾಗ ಕೊಡ್ತಾರಂತ ನಿಮ್ಮ ಗೌಡನ್ನ ಕೇಳು!’

ಗದ್ದಲ ಒಮ್ಮೆಲೇ ನಿಂತಿತು. ಯಾಕೆಂದರೆ ಊರಿನ ನಿಜವಾದ ಜಮೀನುದಾರರು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಆ ದನಿ ಯಾವ ಗೌಡನನ್ನು ಕೇಳಿದ್ದು ಅಂತ ಎಲ್ಲರಿಗೂ ಗೊತ್ತು. ನನಗೆ ಬಾಯಿ ಒಣಗಿತು. ಆಮೇಲೆ ಅದು ತಾನಾಗಿಯೇ ಬಂತು. ‘ಕೇಳ್ತೀನಣ್ಣಾ. ಆದರ ನನ್ನ ಕೂಲೀನೂ ಬಾಕಿ ಐತಿ. ಮದಲ ನಂದು ಕೇಳ್ಲೋ, ನಿಂದು ಕೇಳ್ಲೋ?’

ಮೈದಾನ ಬಿದ್ದು ಬಿದ್ದು ನಕ್ಕಿತು. ಕುರ್ಚಿಯವರೂ ನಕ್ಕರು. ಆದರೆ ಕೇಳಬೇಕಾದ ಮಾತು ಎಲ್ಲರ ಮುಂದೆ ಕೇಳಿಯಾಗಿತ್ತು, ಅದನ್ನು ವಾಪಸ್ ತೆಗೆದುಕೊಳ್ಳಲು ಯಾರಿಗೂ ಆಗುವುದಿಲ್ಲ. ಹತ್ತು ವರ್ಷ ಆದ ಮೇಲೆ ನಾನು ಬರೆದ ಒಂದು ನಾಟಕ ಶುರುವಾಗುವುದೇ ಆ ಎರಡು ಮಾತಿನಿಂದ. ಆ ನಾಟಕಕ್ಕೆ ನನ್ನ ಹೆಸರಿದೆ. ಕತ್ತಲಲ್ಲಿದ್ದ ಆ ಅಣ್ಣನ ಹೆಸರು ಇಲ್ಲ.

ಕಲಾವಿದೆ ಬಂದದ್ದು ಹನ್ನೊಂದಕ್ಕೆ. ಆಕೆಯ ಬಗ್ಗೆ ನಿಮಗೆ ಹೇಳಲೇಬೇಕು, ಯಾಕೆಂದರೆ ನನ್ನ ಮೊದಲ ಗುರು ಆಕೆ. ಲಾರಿಯಲ್ಲಿ ನಿಂತುಕೊಂಡು ಬಂದಿದ್ದರು. ಒಂದು ಕಪ್ ಚಹಾ ಕುಡಿದರು. ‘ಯಾವ ನಾಟಕ ಮಾಸ್ತರ? ಎಷ್ಟು ಹಾಡು? ಪೇಟಿ ಶ್ರುತಿ ಯಾವ ಪಟ್ಟಿ? ಹೀರೋ ಪಾರ್ಟು ಯಾರದು?’ ಇಷ್ಟೇ ಕೇಳಿದ್ದು. ಸಣ್ಣ ಕನ್ನಡಿ ಮಂಡಿ ನಡುವೆ ಇಟ್ಟುಕೊಂಡು ಬಣ್ಣ ಹಚ್ಚಿಕೊಂಡರು. ಇಪ್ಪತ್ತು ನಿಮಿಷಕ್ಕೆ ಅಟ್ಟದ ಮೇಲಿದ್ದರು. ನಮ್ಮ ಹೀರೋ ಮೂರು ತಿಂಗಳು ತಾಲೀಮು ಮಾಡಿದ್ದ, ಆಕೆಯ ಮುಖ ನೋಡಿದ ಕೂಡಲೇ ಮಾತು ಮರೆತ. ಪ್ರಾಂಪ್ಟರ್ ಕೂಗಿದ್ದು ಅವನಿಗೆ ಕೇಳುತ್ತಿಲ್ಲ. ಆಕೆ ಹತ್ತಿರ ಹೋಗಿ, ‘ಊರಿಗೆ ಹೋಗಿದ್ದಿರಂತಲ್ಲ, ನಮ್ಮ ಮದುವೆ ವಿಷಯ ಅಪ್ಪಾಜಿಯವರಿಗೆ ಹೇಳಿದಿರಾ? ಸಿಟ್ಟಾದರಾ?’ ಅಂತ ಕೇಳಿದರು. ಅವನ ಮಾತು ಪೂರಾ ಆಕೆಯ ಪ್ರಶ್ನೆಯೊಳಗೇ ಇತ್ತು. ‘ಹೌದು, ಹೇಳಿದೆ, ಸಿಟ್ಟಾದರು’ ಅಂದ. ಬಂಡಿ ಹಳಿಗೆ ಬಂತು. ಆ ರಾತ್ರಿ ಬೆಳಗಿನ ಜಾವ ನಾಲ್ಕರವರೆಗೆ ಅಂಥ ಹತ್ತಾರು ಪ್ರಶ್ನೆ ಆಕೆ ಹುಟ್ಟಿಸಿದರು. ಒಂದೂ ಪುಸ್ತಕದಲ್ಲಿ ಇರಲಿಲ್ಲ. ನಡುನಡುವೆ ಆಯೇರಿ ಬೇರೆ. ಯಾರೋ ನೂರಾ ಒಂದು ರೂಪಾಯಿ ತಂದು ಮೈಕಿನಲ್ಲಿ ಹೆಸರು ಕೂಗಿಸುತ್ತಾರೆ, ಅಳುವ ಸೀನು ಅಲ್ಲಿಗೇ ನಿಲ್ಲುತ್ತದೆ. ಆಕೆ ಕಣ್ಣೀರು ಒರೆಸಿಕೊಳ್ಳದೆ ಕೈ ಮುಗಿದು, ಮತ್ತೆ ಅದೇ ಬಿಕ್ಕಿನಿಂದ ಶುರು ಮಾಡುತ್ತಿದ್ದರು.

ಈ ಹೆಣ್ಣುಮಕ್ಕಳನ್ನು ನಾಟಕದ ಚರಿತ್ರೆ ಬರೆದವರು ನಟಿ ಅಂತ ಒಂದು ಪದದಲ್ಲಿ ಮುಗಿಸುತ್ತಾರೆ. ನನಗೆ ಇದು ನೋವಿನ ವಿಷಯ. ರಾತ್ರಿಯಿಡೀ ಎದುರಿನವನ ಮಾತನ್ನೂ ತಾನೇ ಹುಟ್ಟಿಸಿಕೊಟ್ಟವರು ಅವರು. ಅದು ಬರವಣಿಗೆ ಅಲ್ಲದೆ ಮತ್ತೇನು?

ಇದು ಹೊಸದೂ ಅಲ್ಲ. ದೊಡ್ಡಾಟ, ನಮ್ಮ ಕಡೆಯ ಬಯಲಾಟ, ನೋಡಿದ್ದೀರಲ್ಲ? ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅರಸ ಕುಣಿಯುತ್ತಾ ಬರುತ್ತಾನೆ. ಆಟ ನಡೆಸಿಕೊಡುವ ಸಾರಥಿ ಅಡ್ಡ ನಿಂತು, ‘ತಾವು ಧಾರು? ತಮ್ಮ ನಾಮಾಂಕಿತವೇನು?’ ಅಂತ ಕೇಳುತ್ತಾನೆ. ಅರಸನ ಮಾತು ಬರೆದಿಟ್ಟಿದ್ದು, ಕವಿ ಕಟ್ಟಿದ್ದು. ಸಾರಥಿಯ ಬಾಯಿಗೆ ಮಾತ್ರ ಬೇಲಿ ಇಲ್ಲ. ಅವನು ಆಟದ ಒಳಗೂ ಇರುತ್ತಾನೆ, ಊರಿನ ಒಳಗೂ ಇರುತ್ತಾನೆ. ದುರ್ಯೋಧನನನ್ನು ಮಾತಾಡಿಸುತ್ತಲೇ ಊರ ಕೆರೆಯಲ್ಲಿ ಹೂಳು ತುಂಬಿದ್ದನ್ನೂ ಹೇಳುತ್ತಾನೆ. ಅರಸನಿಗೆ ಪ್ರಶ್ನೆ ಕೇಳುವುದೇ ಅವನ ಪಾರ್ಟು. ನಾನು ಹೋದ ಕಡೆಯೆಲ್ಲ ಹೇಳುತ್ತೇನೆ, ನಮ್ಮ ಸೀಮೆಯ ಮೊದಲ ಇಂಪ್ರಾವ್ ಕಲಾವಿದ ಈ ಸಾರಥಿ.

ಬಳ್ಳಾರಿಯ ಒಂದು ವಿಷಯ ನನಗೆ ಬಹಳ ಇಷ್ಟ. ಅಲ್ಲಿ ಹೊಸ ನಾಟಕ ಕಟ್ಟಿದ ದೊಡ್ಡವರು ವಕೀಲರು. ಧರ್ಮವರಂ ರಾಮಕೃಷ್ಣಮಾಚಾರ್ಯರು ವಕೀಲರು, ಸರಸ ವಿನೋದಿನಿ ಸಭೆ ಕಟ್ಟಿದರು. ಕೋಲಾಚಲಂ ಶ್ರೀನಿವಾಸರಾಯರು ವಕೀಲರು, ಸುಮನೋರಮ ಸಭೆ ಅವರದು. ಬಳ್ಳಾರಿ ರಾಘವ ಅವರೂ ವಕೀಲರು. ಹಗಲು ಕೋರ್ಟು, ರಾತ್ರಿ ರಂಗ. ಇದು ಸುಮ್ನೆ ಆದದ್ದು ಅಂತ ನನಗೆ ಅನಿಸುವುದಿಲ್ಲ. ಸಾಕ್ಷಿ ಏನು ಹೇಳುತ್ತಾನೋ ಮೊದಲೇ ಗೊತ್ತಿರುವುದಿಲ್ಲ. ಅವನ ಉತ್ತರದ ಬಾಲ ಹಿಡಿದೇ ಮುಂದಿನ ಪ್ರಶ್ನೆ ಹುಟ್ಟಬೇಕು. ಪಾಟೀಸವಾಲು ಮಾಡಿದ ಕಿವಿಗೆ ನಾಟಕದ ಮಾತು ಬೇಗ ಹತ್ತುತ್ತದೆ. ರಾಘವ ಅವರು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಅಭಿನಯಿಸಿದವರು. ಇದರಲ್ಲಿಯೂ ಬಳ್ಳಾರಿ ಇದೆ. ಅಲ್ಲಿ ಒಂದೇ ಓಣಿಯಲ್ಲಿ ಹಾಲಿನವರ ಹತ್ತಿರ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು. ನಾಲಿಗೆ ತಿರುಗಿಸುವುದನ್ನು ಯಾರೂ ಕಲಿಸಬೇಕಿಲ್ಲ.

ರಾಘವ ತೀರಿಕೊಂಡದ್ದು 1946ರಲ್ಲಿ. ಅದೇ ವರ್ಷ ಟಿ.ಪಿ. ಕೈಲಾಸಂ ಕೂಡ ತೀರಿಕೊಂಡರು. ಕೈಲಾಸಂ ಓದಿದ್ದು ಲಂಡನ್ನಿನಲ್ಲಿ, ಭೂಗರ್ಭ ಶಾಸ್ತ್ರ. ಮಾಡಿದ್ದು ಕನ್ನಡ ನಾಟಕ. ಅವರು ನಾಟಕ ಹೇಳುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. ಬರೆದುಕೊಳ್ಳುವ ಗೆಳೆಯರು ಸಿಕ್ಕಿದ್ದಕ್ಕೆ ನಮಗೆ ಅವರ ನಾಟಕ ಉಳಿದವು. ಅವರ ಬಾಯಿಂದ ಬಂದದ್ದರಲ್ಲಿ ಕಾಗದಕ್ಕೆ ಇಳಿಯದೇ ಹೋದದ್ದು ಎಷ್ಟೋ. ಈಗ ಆ ಸಿರುಗುಪ್ಪದ ಕಲಾವಿದೆಯನ್ನು ನೆನೆಸಿಕೊಳ್ಳಿ. ಆಕೆಗೆ ಬರೆದುಕೊಳ್ಳುವ ಗೆಳತಿ ಇರಲಿಲ್ಲ.

ಮಾಸ್ಟರ್ ಹಿರಣ್ಣಯ್ಯನವರನ್ನು ನಿಮ್ಮ ಮನೆಯ ಹಿರಿಯರು ಕೇಳಿರುತ್ತಾರೆ. ‘ಲಂಚಾವತಾರ’ ಹತ್ತು ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡಿತು. ಅಷ್ಟು ಸಲ ಒಂದೇ ನಾಟಕ ಆಡಿದರು ಅಂತ ತಿಳಿಯಬೇಡಿ. ಬೆಳಗಿನ ಪೇಪರಿನಲ್ಲಿ ಬಂದ ಸುದ್ದಿ ರಾತ್ರಿ ನಾಟಕದ ಮಾತಾಗುತ್ತಿತ್ತು. ಮಂತ್ರಿಗಳು ಮುಂದೆ ಕೂತಿದ್ದರೆ ಇನ್ನೂ ಜೋರು. ನಾಟಕ ಅನ್ನುವುದು ಒಂದು ಹಂದರ, ಬಳ್ಳಿ ದಿನಾ ಹೊಸದು. ಕ್ಯಾಸೆಟ್ಟಿನಲ್ಲಿ ಕೇಳಿದವರಿಗೆ ಒಂದು ರಾತ್ರಿಯ ಬಳ್ಳಿ ಸಿಕ್ಕಿದೆ. ಉಳಿದ ಸಾವಿರಾರು ರಾತ್ರಿಯದು ಕೇಳಿದವರ ಜೊತೆ ಹೋಗುತ್ತಿದೆ. 2019ರಲ್ಲಿ ಅವರೂ ಹೋದರು.

ಬರೆಯದ ಮಾತಿಗೆ ಸರ್ಕಾರಗಳು ಮೊದಲಿನಿಂದಲೂ ಹೆದರಿವೆ. 1876ರಲ್ಲಿ ಬ್ರಿಟಿಷರು ಇಲ್ಲಿ ನಾಟಕದ ಮೇಲೆ ಕಾಯ್ದೆ ತಂದರು, ಬೇಡವಾದ ನಾಟಕ ನಿಲ್ಲಿಸುವುದಕ್ಕೆ. ಅವರ ಸ್ವಂತ ದೇಶದಲ್ಲೂ 1968ರವರೆಗೆ ನಾಟಕದ ಸ್ಕ್ರಿಪ್ಟು ಮೊದಲೇ ಅರಮನೆಯ ಅಧಿಕಾರಿಯ ಮುಂದೆ ಇಟ್ಟು ಒಪ್ಪಿಗೆ ತೆಗೆದುಕೊಳ್ಳಬೇಕಿತ್ತು. ಹಾಗಾದರೆ ಸ್ಕ್ರಿಪ್ಟೇ ಇಲ್ಲದ ನಾಟಕಕ್ಕೆ ಒಪ್ಪಿಗೆ ಹೇಗೆ ಕೊಡುವುದು? ಈ ಫಜೀತಿಯಲ್ಲಿ ಸಿಕ್ಕವರು ಲಂಡನ್ನಿನಲ್ಲಿ ಇಂಪ್ರಾವ್ ಆಡಿಸುತ್ತಿದ್ದ ಕೀತ್ ಜಾನ್‌ಸ್ಟನ್. ಜನರ ಮುಂದೆ ಆಡುವ ಆಟವನ್ನು ಅವರು ತರಗತಿ ಅಂತ ಕರೆದು ದಾರಿ ಮಾಡಿಕೊಂಡರು.

ಈ ಮನುಷ್ಯನ ಜೀವನ ಕೇಳಿ, ನಿಮಗೆ ಧೈರ್ಯ ಬರುತ್ತದೆ. ಹುಟ್ಟಿದ್ದು 1933ರಲ್ಲಿ, ಇಂಗ್ಲೆಂಡಿನ ಒಂದು ಮೀನುಗಾರರ ಊರಲ್ಲಿ. ಮೊದಲು ಲಂಡನ್ನಿನ ಬಡವರ ಬಡಾವಣೆಯಲ್ಲಿ ಸ್ಕೂಲ್ ಮಾಸ್ತರು. ಆಮೇಲೆ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ಬಂದ ನಾಟಕಗಳ ಕಟ್ಟು ಓದಿ ಅಭಿಪ್ರಾಯ ಹೇಳುವ ಕೆಲಸ. ಅಲ್ಲೇ ನಾಟಕ ಬರೆದರು, ನಿರ್ದೇಶನ ಮಾಡಿದರು. ಬರಹಗಾರರಿಗೆ ಆಟ ಆಡಿಸಲು ಶುರು ಮಾಡಿದರು. ಆಮೇಲೆ ಕೆನಡಾಕ್ಕೆ ಹೋಗಿ ಕ್ಯಾಲ್ಗರಿಯಲ್ಲಿ ಪಾಠ ಹೇಳುತ್ತಾ, 1977ರಲ್ಲಿ ಲೂಸ್ ಮೂಸ್ ಅನ್ನುವ ರಂಗತಂಡ ಕಟ್ಟಿದರು. 2023ರಲ್ಲಿ ತೀರಿಕೊಂಡರು. ಎರಡು ತಂಡ ಎದುರಾಬದುರು ನಿಂತು ಹೊತ್ತಿಗೆ ಹೊಳೆದದ್ದನ್ನು ಆಡುವ ಪಂದ್ಯ ಅವರದ್ದೇ ಕಲ್ಪನೆ. ಅದು ಹೊಳೆದದ್ದು ಎಲ್ಲಿ ಗೊತ್ತಾ? ಕುಸ್ತಿ ನೋಡುವಾಗ. ಅಖಾಡದ ಸುತ್ತ ಜನ ಕೂಗುತ್ತಾರೆ, ಎದ್ದು ನಿಲ್ಲುತ್ತಾರೆ. ನಾಟಕ ನೋಡುವವರು ಯಾಕೆ ಹೀಗೆ ಇರುವುದಿಲ್ಲ ಅಂತ ಅವರಿಗೆ ಅನಿಸಿತು. ಇದನ್ನು ಓದಿದಾಗ ನನಗೆ ನಮ್ಮ ಜಾತ್ರೆಗಳು ನೆನಪಾದವು. ಮಧ್ಯಾಹ್ನ ಕೆಂಪು ಮಣ್ಣಿನ ಅಖಾಡದಲ್ಲಿ ಕುಸ್ತಿ, ರಾತ್ರಿ ಅಲ್ಲೇ ಪಕ್ಕದಲ್ಲಿ ನಾಟಕ. ಜನ ಅವರೇ, ಗಂಟಲೂ ಅದೇ. ನಮ್ಮ ಜನ ನಾಟಕದಲ್ಲೂ ಕೂಗುತ್ತಾರೆ. ಅದನ್ನು ಗದ್ದಲ ಅಂತ ಬೈಯಬೇಡಿ. ಅದು ನಿಮಗೆ ಸಿಗುವ ಮಾತು.

ಅಮೆರಿಕದ ಷಿಕಾಗೋದಲ್ಲಿ ವಯೋಲಾ ಸ್ಪೋಲಿನ್ ಅನ್ನುವ ತಾಯಿ ಇದ್ದರು. ವಲಸೆ ಬಂದವರ ಮಕ್ಕಳ ಜೊತೆ ಅವರ ಕೆಲಸ. ಒಬ್ಬೊಬ್ಬರ ಮನೆಮಾತು ಒಂದೊಂದು. ಅವರು ಪಾಠ ಬಿಟ್ಟು ಆಟ ಕಟ್ಟಿದರು. ಆ ಆಟಗಳೇ ಮುಂದೆ ರಂಗದ ಮೇಲೆ ಬಂದವು. ಅವರ ಮಗ ಪಾಲ್ ಸಿಲ್ಸ್ ಗೆಳೆಯರ ಜೊತೆ 1959ರಲ್ಲಿ ಸೆಕೆಂಡ್ ಸಿಟಿ ತಂಡ ಕಟ್ಟಿದರು. ನಾಳೆಯಿಂದ ನೀವು ಇಲ್ಲಿ ಆಡುವ ಎಷ್ಟೋ ಆಟಗಳ ಬೇರು ಆ ತಾಯಿಯ ಹತ್ತಿರ ಇದೆ.

ಜಾನ್‌ಸ್ಟನ್ ಅವರಿಂದ ನಾನು ಕಲಿತ ಒಂದು ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಬ್ಬರು ರಂಗದ ಮೇಲೆ ಬಂದರೆ ಅವರ ನಡುವೆ ತಕ್ಕಡಿ ಇರುತ್ತದೆ. ಒಬ್ಬ ಮೇಲೆ, ಒಬ್ಬ ಕೆಳಗೆ. ಮಾತಿಗೊಮ್ಮೆ ತಕ್ಕಡಿ ತೂಗುತ್ತಿರಬೇಕು. ಇಂಗ್ಲಿಷಿನವರು ಇದನ್ನು ತೋರಿಸಲು ಕತ್ತು, ಕಣ್ಣು, ನಿಲುವು ಎಲ್ಲಾ ಬಳಸಬೇಕು. ಕನ್ನಡದಲ್ಲಿ ನಮಗೆ ಒಂದು ಅಕ್ಷರ ಸಾಕು. ‘ಬರ್ರಿ ಗೌಡ್ರ’ ಅಂದದ್ದು ‘ಬಾರೋ ಗೌಡ’ ಆದರೆ ಇಡೀ ಊರಿನ ಕಥೆ ತಲೆಕೆಳಗಾಯಿತು. ‘ಅಣ್ಣಾ’ ಅನ್ನುತ್ತಿದ್ದವನು ಒಮ್ಮೆ ‘ಏನ್ರಿ’ ಅಂದ ಅಂದರೆ ಆಸ್ತಿ ಭಾಗ ಆಯಿತು ಅಂತಲೇ ಅರ್ಥ. ಇಲ್ಲೇ ಒಂದು ಆಟ ಆಡಿ ನೋಡೋಣ. ನೀವಿಬ್ಬರೂ ಎದ್ದು ನಿಲ್ಲಿ. ನೀನು ಕಂಡಕ್ಟರ್, ಗಂಗಾವತಿ ಬಸ್ಸು. ಆಕೆ ಟಿಕೆಟ್ ಕಳೆದುಕೊಂಡ ಮುದುಕಿ. ಮಾತು ‘ಟಿಕೆಟ್’ ಒಂದೇ. ಅದರ ಜೊತೆ ಕರೆಯುವ ಪದ ಮಾತ್ರ ಬದಲಾಯಿಸುತ್ತಾ ಹೋಗಿ.

(ಇಬ್ಬರು ವಿದ್ಯಾರ್ಥಿಗಳು ಆಡಿದರು. ಹುಡುಗ ‘ಏ ಮುದುಕಿ, ಟಿಕೆಟ್’ ಎಂದು ಶುರು ಮಾಡಿದ. ಹುಡುಗಿ ‘ಟಿಕೆಟ್ಟಾ, ಮಗನಾ?’ ಎಂದಳು. ಹುಡುಗ ತಡವರಿಸಿ ‘ಟಿಕೆಟ್... ಅಮ್ಮಾ’ ಎಂದ.)

ನೋಡಿದಿರಾ? ಆಕೆ ವಾದ ಮಾಡಲಿಲ್ಲ. ‘ಮಗನಾ’ ಅಂದಳು, ಅಷ್ಟೇ. ಅವನು ಕೇಳಿಸಿಕೊಂಡ. ಕೇಳಿಸಿಕೊಂಡದ್ದಕ್ಕೆ ಬಾಯಿಂದ ‘ಅಮ್ಮಾ’ ಬಂತು. ಇಬ್ಬರೂ ಏನೂ ಯೋಚನೆ ಮಾಡಿರಲಿಲ್ಲ. ಇದನ್ನು ಬರೆದುಕೊಳ್ಳಿ, ಇದು ಒಂದು ನಾಟಕದ ಮೊದಲ ಪುಟ.

ನನ್ನ ಮೊದಲ ನಾಟಕದಲ್ಲಿ ಇದು ಇರಲಿಲ್ಲ. ಕಂಪನಿಯಲ್ಲಿ ಎರಡು ವರ್ಷ ಕಾಮಿಕ್ ಮಾಡಿ ಹೆಸರು ಬಂದಿತ್ತು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಬರೆದೆ. ಪ್ರತಿ ಮಾತಿಗೂ ಚಪ್ಪಾಳೆ ಬರಬೇಕು ಅಂತ ಬರೆದೆ. ಪೇಟಿ ಮಾಸ್ತರಿಗೆ ಓದಿ ಹೇಳಿದೆ. ಅವರು ಕೊನೆಯವರೆಗೆ ಸುಮ್ಮನೆ ಕೇಳಿದರು. ಆಮೇಲೆ, ‘ಎಲ್ಲರೂ ಚೆನ್ನಾಗಿ ಮಾತಾಡ್ತಾರಪ್ಪಾ. ಯಾರೂ ಯಾರ ಮಾತೂ ಕೇಳಿಸಿಕೊಂಡಿಲ್ಲ’ ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಪ್ರತಿ ಮಾತಿನ ಕೆಳಗೆ ಗೆರೆ ಎಳೆದು ನೋಡಿದೆ. ಇದು ಹಿಂದಿನ ಮಾತಿಗೆ ಉತ್ತರವಾ, ಇಲ್ಲಾ ಮೊದಲೇ ತಯಾರು ಮಾಡಿಟ್ಟಿದ್ದಾ? ತಯಾರು ಮಾಡಿಟ್ಟಿದ್ದನ್ನೆಲ್ಲ ಹೊಡೆದು ಹಾಕಿದೆ. ಅರವತ್ತು ಪುಟದಲ್ಲಿ ಹನ್ನೊಂದು ಉಳಿಯಿತು. ಇವತ್ತಿಗೂ ನಾನು ತಿದ್ದುವುದು ಹೀಗೇ.

ಸಾಕ್ಷರತಾ ಆಂದೋಲನಕ್ಕೆ ಹೋದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇತ್ತು. ಬಾರಿಸುವ ಹಲಗೆ ಒಂದು, ಆರು ಜನ, ದಿನಕ್ಕೆ ಮೂರು ಊರು. ನಮ್ಮ ಕೈಗೆ ಕೊಟ್ಟ ನಾಟಕದಲ್ಲಿ ಅಕ್ಷರ ಬಾರದ ಹೆಂಗಸಿಗೆ ಸಾಹುಕಾರ ಸುಳ್ಳು ಲೆಕ್ಕ ತೋರಿಸಿ ಮೋಸ ಮಾಡುತ್ತಾನೆ. ಕುಷ್ಟಗಿ ಕಡೆಯ ಒಂದು ಊರಲ್ಲಿ ಒಬ್ಬಾಕೆ ಎದ್ದು ನಿಂತಳು. ‘ನನಗ ಅಕ್ಷರ ಬರಂಗಿಲ್ಲ, ಲೆಕ್ಕ ಬರ್ತೈತಿ. ನನಗ ಹಂಗ ಯಾರೂ ಮೋಸ ಮಾಡಂಗಿಲ್ಲ’ ಅಂದಳು. ಗೋಡೆ ಮೇಲೆ ಇದ್ದಲಿನಲ್ಲಿ ಎಳೆದ ಗೀಟು ತೋರಿಸಿದಳು. ಹಾಲಿನ ಲೆಕ್ಕ, ವರ್ಷದ್ದು, ಒಂದೂ ತಪ್ಪಿಲ್ಲ. ನಮ್ಮ ನಾಟಕ ಅಲ್ಲಿಗೆ ನಿಂತಿತು. ಮುಂದಿನ ಊರಿನಿಂದ ನಮ್ಮ ನಾಟಕದ ಹೆಂಗಸು ಗೀಟಿನ ಲೆಕ್ಕ ಇಟ್ಟಿರುತ್ತಿದ್ದಳು. ಗೀಟನ್ನು ಸಾಹುಕಾರ ಕಚೇರಿಯಲ್ಲಿ ಒಪ್ಪುವುದಿಲ್ಲ, ಅದಕ್ಕೆ ಆಕೆ ಅಕ್ಷರ ಕಲಿಯುತ್ತಾಳೆ. ಹಳೆಯದಕ್ಕಿಂತ ಇದು ಎಷ್ಟೋ ನಿಜವಾದ ನಾಟಕ. ತಿದ್ದಿಕೊಟ್ಟದ್ದು ಓದು ಬಾರದ ಹೆಣ್ಣುಮಗಳು.

ರೇಡಿಯೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ನಿಮಿಷ ಸೆಕೆಂಡು ಲೆಕ್ಕ, ಸ್ಕ್ರಿಪ್ಟು ದಾಟುವ ಹಾಗಿಲ್ಲ. ಆದರೆ ಜನ ಕಾಣದೇ ಇದ್ದಾಗ ಅವರ ಮೌನವನ್ನು ಊಹೆ ಮಾಡಿ ಬರೆಯುವುದು ಅಲ್ಲಿ ಕಲಿತೆ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಊರುಗಳಲ್ಲಿ ಹಳೆಯ ಸಾರಥಿಗಳು ಇನ್ನೂ ಇದ್ದಾರೆ. ಕಂಪನಿಯಲ್ಲಿ ಕಾಮಿಕ್ ಮಾಡಿದ ಅಜ್ಜಂದಿರು ಇದ್ದಾರೆ. ಹೆಣ್ಣು ಪಾರ್ಟು ಮಾಡಿ ಈಗ ಮನೆಯಲ್ಲಿ ಕೂತ ಅಮ್ಮಂದಿರು ಇದ್ದಾರೆ. ಅವರ ಹತ್ತಿರ ಹೋಗಿ ‘ನಾಟಕ ಕಲಿಸಿ’ ಅನ್ನಬೇಡಿ. ‘ಎದುರಿನವನು ಮಾತು ಮರೆತಾಗ ಏನಂದಿರಿ? ಕರೆಂಟು ಹೋದಾಗ ಏನಂದಿರಿ? ಮಳೆ ಬಂದಾಗ ಏನಂದಿರಿ?’ ಅಂತ ಕೇಳಿ. ಅವರು ಹೇಳಿದ್ದನ್ನು ಅವರ ನುಡಿಯಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಮೇಲೆ ಅವರ ಹೆಸರು ಬರೆಯಿರಿ, ಆ ಊರು, ಆ ರಾತ್ರಿ ಆಡಿದ ನಾಟಕ. ಫೋನಿನಲ್ಲಿ ರೆಕಾರ್ಡ್ ಮಾಡುವುದಿದ್ದರೆ ಅವರನ್ನು ಕೇಳಿಯೇ ಮಾಡಿ.

ಬಾಗಿಲ ಹತ್ತಿರ ಟೇಬಲ್ಲಿನ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕುಗಳಿವೆ, ಒಬ್ಬರಿಗೆ ಒಂದು. ಊಟಕ್ಕೆ ಹೋಗುವಾಗ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಈಗಲೇ ಬಸ್ಸಿನ ಆ ಮೂರು ಮಾತು ಬರೆಯಿರಿ, ಆಡಿದ ಇಬ್ಬರ ಹೆಸರನ್ನೂ ಕೇಳಿ ಹಾಕಿ. ಮೂರು ಗಂಟೆಗೆ ಇಲ್ಲೇ ಸೇರೋಣ, ಕಂಡಕ್ಟರನಿಗೂ ಮುದುಕಿಗೂ ಮುಂದೇನಾಯಿತು ಅಂತ ನೋಡಬೇಕು.